ಪಾಸ್ ಔಟ್ ಅಂದರೆ ಓದು ಮುಗಿಸಿದ್ದಾ, ಎಚ್ಚರ ತಪ್ಪಿದ್ದಾ?

ಪ್ರಶ್ನೆ: ತಂಗಿಗೆ ಮುಂದಿನ ವಾರ ಅಮೆರಿಕದ ಕಂಪನಿಯೊಂದರ ಇಂಟರ್‌ವ್ಯೂ ಇದೆ. 'ಐ ಪಾಸ್ಡ್ ಔಟ್ ಇನ್ 2021' ಅಂತ ಹೇಳಿಕೊಂಡು ಅಭ್ಯಾಸ ಮಾಡುತ್ತಿದ್ದಾಳೆ. ಅಲ್ಲಿಯವರ ಹತ್ತಿರ ಹಾಗೆ ಹೇಳಬಾರದು ಅಂತ ಅವಳ ಗೆಳತಿ ಅಂದಳಂತೆ. ನಾವೆಲ್ಲ ಹೀಗೇ ಹೇಳುತ್ತಾ ಬಂದಿದ್ದೇವೆ, ಅಲ್ವಾ? ಗೊತ್ತಿರುವವರು ನಿಮ್ಮ ಅನುಭವ ಹೇಳಿ.

ನ್ಯೂಜೆರ್ಸಿಯಿಂದ: ಗೆಳತಿ ಹೇಳಿದ್ದು ಸರಿ ಮೇಡಂ. ಅಮ್ಮ ಊರಿಂದ ಇಲ್ಲಿಗೆ ಬಂದಿದ್ದಾಗ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ತಲೆ ಸುತ್ತಿ ಕೂತುಬಿಟ್ಟರು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ನರ್ಸ್ ಬಿ.ಪಿ. ಪಟ್ಟಿ ಕಟ್ಟುತ್ತಾ 'ಡಿಡ್ ಯು ಪಾಸ್ ಔಟ್?' ಅಂತ ಕೇಳಿದರು. ಅಮ್ಮ ಬಿ.ಎ. ಓದಿದವರು. ನನ್ನ ಕಡೆ ತಿರುಗಿ, 'ನನ್ನ ಡಿಗ್ರಿ ವಿಷಯ ಇವರಿಗೆ ಯಾಕೆ?' ಅಂದರು. 'ಎಚ್ಚರ ತಪ್ಪಿತ್ತಾ ಅಂತ ಕೇಳುತ್ತಿದ್ದಾರಮ್ಮ' ಅಂದೆ. 'ಇಲ್ಲಪ್ಪ, ಕಣ್ಣು ಕತ್ತಲೆ ಬಂತು ಅಷ್ಟೇ. ನೀನು ಕೂಗಿದ್ದೆಲ್ಲ ಕೇಳಿಸುತ್ತಿತ್ತು.' ಡಾಕ್ಟರಿಗೆ ಬೇಕಾಗಿದ್ದ ಉತ್ತರ ಅದೇ. ತಲೆ ಸುತ್ತುವುದು ಬೇರೆ, ಎಚ್ಚರ ತಪ್ಪುವುದು ಬೇರೆ. ನಾನು ಪಕ್ಕದಲ್ಲಿ ಇಲ್ಲದಿದ್ದರೆ ಅಮ್ಮ ಸುಮ್ನೆ 'ಯೆಸ್' ಅಂದುಬಿಡುತ್ತಿದ್ದರು. ಅದನ್ನು ನೆನೆದರೆ ಈಗಲೂ ಭಯವಾಗುತ್ತದೆ. ಅಪ್ಪ ಅಮ್ಮನನ್ನು ಇಲ್ಲಿಗೆ ಕರೆಸುವವರು ಈ ಒಂದು ಮಾತನ್ನು ಮೊದಲೇ ಹೇಳಿಕೊಡಿ.

ತಂಗಿಗೆ 'ಐ ಗ್ರಾಜುಯೇಟೆಡ್ ಇನ್ 2021' ಸಾಕು. ಕಾಲೇಜಿನ ಹೆಸರು ಸೇರಿಸುವಾಗ ಅದಕ್ಕಿಂತ ಮೊದಲು 'ಫ್ರಮ್' ಇರಲಿ.

ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರು, ಹಾಸನ: ಮೇಲಿನವರ ಮಾತು ಒಪ್ಪುತ್ತೇನೆ. ಆದರೆ ನಮ್ಮದು ತಪ್ಪು ಇಂಗ್ಲಿಷ್ ಅಂತ ಮಾತ್ರ ತಂಗಿಗೆ ಹೇಳಬೇಡಿ. ಓದು ಮುಗಿಸುವುದು ಅನ್ನುವ ಅರ್ಥ ಭಾರತದ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ನಿಂತಿದೆ. ಬ್ರಿಟನ್ನಿನಲ್ಲೂ ಸೇನೆಯ ತರಬೇತಿ ಮುಗಿಸಿದವರಿಗೆ ಇದೇ ಮಾತು. ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯಲ್ಲಿ ಪ್ರತಿ ಜೂನ್ ಮತ್ತು ಡಿಸೆಂಬರ್‌ನಲ್ಲಿ ನಡೆಯುವುದು 'ಪಾಸಿಂಗ್ ಔಟ್ ಪರೇಡ್'. ನನ್ನ ತಮ್ಮ ಪೊಲೀಸ್ ತರಬೇತಿ ಮುಗಿಸಿದ ದಿನ ಆಹ್ವಾನ ಪತ್ರಿಕೆಯಲ್ಲಿ 'ನಿರ್ಗಮನ ಪಥಸಂಚಲನ' ಅಂತ ಅಚ್ಚಾಗಿತ್ತು. ನಿರ್ಗಮನ ಅಂದರೆ ಹೊರಗೆ ಹೋಗುವುದು. 'ಔಟ್' ಎಂಬುದಕ್ಕೆ ಎಷ್ಟು ಚೆನ್ನಾಗಿ ಹೊಂದುವ ಮಾತು ನೋಡಿ! ಬಿಸಿಲಲ್ಲಿ ಅಪ್ಪ ಎದ್ದು ನಿಂತೇ ಇದ್ದರು, ಅವನ ಸಾಲು ಮುಂದೆ ಹಾದುಹೋಗುವವರೆಗೂ.

ನಾನು ಮಕ್ಕಳಿಗೆ ಹೇಳುವುದು ಇಷ್ಟು: ಪರೀಕ್ಷೆಗೆ ಬರೀ 'ಪಾಸ್' ಸಾಕು, 'ಔಟ್' ಬೇಡ. ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ್ದಕ್ಕೆ 'ಫಿನಿಶ್ಡ್' ಅನ್ನಿ, ಎಲ್ಲ ಕಡೆ ನಡೆಯುತ್ತದೆ. 'ಪಾಸ್ ಅವೇ' ಅಂದರೆ ತೀರಿಕೊಳ್ಳುವುದು, ಅದರ ಹತ್ತಿರ ಹೋಗಬೇಡಿ. ಇನ್ನು 'ಪಾಸ್ ಔಟ್ ದ ಪೇಪರ್ಸ್' ಅಂತ ಯಾರಾದರೂ ಅಂದರೆ ಹಾಳೆ ಹಂಚಿ ಅಂತ ಅರ್ಥ.

ಬೆಂಗಳೂರು, ಸಾಫ್ಟ್‌ವೇರ್: ಇಂಟರ್‌ವ್ಯೂನಲ್ಲಿ ನಾನೂ ಹೀಗೇ ಹೇಳಿದ್ದೆ. ಆ ಕಡೆಯವರು ಅರೆಕ್ಷಣ ಸುಮ್ಮನಾಗಿ, 'ಯು ಮೀನ್ ಗ್ರಾಜುಯೇಟೆಡ್?' ಅಂದರು. ಕೆಲಸ ಸಿಕ್ಕಿತು. ಜಾಸ್ತಿ ಹೆದರಿಸಬೇಡಿ ಅವಳನ್ನು.

ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಂಗಿ ಈಗ 'ಗ್ರಾಜುಯೇಟೆಡ್' ಅಂತಲೇ ಹೇಳುತ್ತಿದ್ದಾಳೆ. ನಮ್ಮತ್ತೆ ಮುಂದಿನ ತಿಂಗಳು ಡಲ್ಲಾಸ್‌ಗೆ ಮಗನ ಮನೆಗೆ ಹೊರಟಿದ್ದಾರೆ, ಬಿ.ಪಿ. ಬೇರೆ ಇದೆ. ಅವರಿಗೆ ಇವತ್ತೇ ಫೋನ್ ಮಾಡಿ ಹೇಳುತ್ತೇನೆ.