ಮೂರು ತಿಂಗಳಲ್ಲಿ 20 ಕೆ.ಜಿ. ಇಳಿಸಲು ಹೊರಟು ಮೂರು ಬಾರಿ ಸೋತಿದ್ದೇನೆ, ಗುರಿ ಎಷ್ಟಿಟ್ಟುಕೊಳ್ಳಬೇಕು?

ಮಲ್ಲಿಗೆ ಬೇಲಿ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ, ಎತ್ತರ 164 ಸೆಂ.ಮೀ., ತೂಕ 86 ಕೆ.ಜಿ. ಇಲ್ಲಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಒಂಬತ್ತೂವರೆಗೆ ಕುರ್ಚಿಯಲ್ಲಿ ಕೂತರೆ ಊಟದ ಹೊತ್ತು ಬಿಟ್ಟು ಸಂಜೆಯವರೆಗೆ ಏಳುವ ಪ್ರಸಂಗವೇ ಬರುವುದಿಲ್ಲ. ಕಳೆದ ತಿಂಗಳು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಸರಿಯಾಗಿದೆ, ಆದರೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) 6.1 ಬಂದಿದೆ. ಇದು ಸಕ್ಕರೆ ಕಾಯಿಲೆಯಲ್ಲ, ಅದರ ಹೊಸ್ತಿಲು, ತೂಕ ಇಳಿಸಿದರೆ ಮಾತ್ರೆಯಿಲ್ಲದೆ ಸಾಗಬಹುದು ಎಂದು ವೈದ್ಯರು ಹೇಳಿದ್ದಾರೆ.

ಈ ವರ್ಷ ಮೂರು ಬಾರಿ ಪ್ರಯತ್ನಿಸಿದ್ದೇನೆ. ಜನವರಿಯಲ್ಲಿ ಅನ್ನ, ಮುದ್ದೆ, ರೊಟ್ಟಿ ಎಲ್ಲವನ್ನೂ ಬಿಟ್ಟು ರಾತ್ರಿ ಹಣ್ಣು ಮಾತ್ರ ತಿಂದೆ. ಹತ್ತು ದಿನದಲ್ಲಿ ಮೂರು ಕೆ.ಜಿ. ಇಳಿದು, ಆಮೇಲೆ ಮುಳ್ಳು ಅಲ್ಲಾಡಲಿಲ್ಲ. ಒಂದು ಗೃಹಪ್ರವೇಶದ ಊಟವಾದ ಮೇಲೆ ಎರಡು ಕೆ.ಜಿ. ಹಿಂದಿರುಗಿತು, ನಾನೂ ಕೈಬಿಟ್ಟೆ. ಎರಡನೆಯ ಬಾರಿ ಜಿಮ್‌ಗೆ ಒಂದು ವರ್ಷದ ಶುಲ್ಕ ಕಟ್ಟಿ ಹತ್ತೊಂಬತ್ತು ದಿನ ಹೋದೆ. ಮೂರನೆಯ ಬಾರಿ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ರತ್ನಗಿರಿ ಬೋರೆಗೆ ನಡೆಯುತ್ತಿದ್ದೆ. ಅದು ನಿಜಕ್ಕೂ ಹಿಡಿಸಿತ್ತು. ಜೂನ್‌ನಲ್ಲಿ ಮಳೆ ಹಿಡಿಯಿತು, ನಡಿಗೆ ನಿಂತಿತು.

ನವೆಂಬರ್‌ನಲ್ಲಿ ಅಕ್ಕನ ಮಗಳ ಮದುವೆಯಿದೆ. ಅಷ್ಟರೊಳಗೆ 20 ಕೆ.ಜಿ. ಇಳಿಸಬೇಕೆಂದು ಮನಸ್ಸಿನಲ್ಲಿದೆ. ಇದು ಆಗುವ ಮಾತೇ? ಮೂರನೆಯ ವಾರಕ್ಕೆ ತಪ್ಪದೆ ಬರುವ ‘ಇನ್ನು ಸಾಕು’ ಎಂಬ ಮನಃಸ್ಥಿತಿಯನ್ನು ನೀವೆಲ್ಲ ಹೇಗೆ ದಾಟಿದಿರಿ?

ಹೇಮಾವತಿ ದಂಡೆ, ಹಾಸನ

ಮೇಡಂ, ನೀವು ಲೆಕ್ಕ ಬರೆಯುವವರು, ಆದ್ದರಿಂದ ಮೊದಲು ಲೆಕ್ಕವನ್ನೇ ನೋಡೋಣ. ಒಂದು ಕೆ.ಜಿ. ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು ಎನ್ನುತ್ತಾರೆ. ಇಪ್ಪತ್ತು ಕೆ.ಜಿ.ಯನ್ನು 90 ದಿನಕ್ಕೆ ಹಂಚಿದರೆ ದಿನಕ್ಕೆ 1,700 ಕ್ಯಾಲೊರಿ ಕಡಿಮೆ ಮಾಡಬೇಕಾಗುತ್ತದೆ. ಕೂತು ಕೆಲಸ ಮಾಡುವವರು ಹಾಗೆ ಮಾಡಿದರೆ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ ನೀವು ಸೋತದ್ದು ಮನೋಬಲ ಸಾಲದೆ ಅಲ್ಲ, ಯಾರಿಗೂ ಕೂಡದ ಲೆಕ್ಕವನ್ನು ಕೂಡಿಸಲು ಹೋಗಿದ್ದರಿಂದ. ವಾರಕ್ಕೆ ಅರ್ಧ ಕೆ.ಜಿ. ಎಂದಿಟ್ಟುಕೊಂಡರೆ ನವೆಂಬರ್ ಹೊತ್ತಿಗೆ ಐದಾರು ಕೆ.ಜಿ. ಆಗಬಹುದು. ಮದುವೆಯ ಫೋಟೋದಲ್ಲಿ ಅದು ಕಾಣದೇ ಇರಬಹುದು, ಆದರೆ ರಕ್ತಪರೀಕ್ಷೆಯಲ್ಲಿ ಕಾಣುವ ಸಂಭವ ಹೆಚ್ಚು.

ಜನವರಿಯ ಮೂರು ಕೆ.ಜಿ.ಯಲ್ಲಿ ಹೆಚ್ಚಿನ ಪಾಲು ನೀರು. ದೇಹವು ಪಿಷ್ಟವನ್ನು ಗ್ಲೈಕೋಜೆನ್ ರೂಪದಲ್ಲಿ ಕೂಡಿಡುತ್ತದೆ ಮತ್ತು ಅದರ ಒಂದು ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅನ್ನ, ಮುದ್ದೆ ಬಿಟ್ಟಾಗ ಆ ದಾಸ್ತಾನು ಖಾಲಿಯಾಗಿ ನೀರೂ ಹೋಗುತ್ತದೆ. ಒಂದು ಹಬ್ಬದೂಟ ಉಂಡರೆ ಎರಡೂ ಮರಳುತ್ತವೆ. ನಿಮ್ಮನ್ನು ಹಿಗ್ಗಿಸಿದ್ದೂ ಕುಗ್ಗಿಸಿದ್ದೂ ಅದೇ ನೀರು.

ನಾನು 94ರಿಂದ 83ಕ್ಕೆ ಬರಲು ಹದಿನಾರು ತಿಂಗಳು ಬೇಕಾಯಿತು. ತೂಕ ನನ್ನ ಕೈಯಲ್ಲಿಲ್ಲ, ಮಾಡುವ ಕೆಲಸ ಕೈಯಲ್ಲಿದೆ ಎಂದು ಅರಿವಾದ ಮೇಲೆ ಕೆಲಸವನ್ನೇ ಗುರಿಯಾಗಿಸಿಕೊಂಡೆ: ವಾರದಲ್ಲಿ ಐದು ದಿನ ಮಹಾರಾಜ ಪಾರ್ಕ್‌ನಲ್ಲಿ ಮೂವತ್ತು ನಿಮಿಷದ ನಡಿಗೆ, ಮಧ್ಯಾಹ್ನ ಒಂದೇ ಮುದ್ದೆ, ರಾತ್ರಿ ಎಂಟರೊಳಗೆ ಊಟ. ಅಡುಗೆಮನೆಯ ಬಾಗಿಲ ಹಿಂದೆ ತೂಗುವ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ, ನಡೆದ ದಿನ ಪೆನ್ಸಿಲ್‌ನಿಂದ ಒಂದು ಗೀಟು ಎಳೆಯುತ್ತಿದ್ದೆ. ಹಾಲಿನ ಅರ್ಧ ಲೀಟರಿನ ಪಕ್ಕ ನನ್ನ ಗೀಟು ಇಲ್ಲದಿದ್ದರೆ ಮನೆಯಾಕೆಗೆ ಗೊತ್ತಾಗುತ್ತಿತ್ತು. ಆಕೆ ಏನೂ ಕೇಳುತ್ತಿರಲಿಲ್ಲ, ಅದೇ ನನಗೆ ಸಾಕಾಗುತ್ತಿತ್ತು.

ಮುದ್ದೆಯನ್ನು ಬಿಡಬೇಡಿ, ಗಾತ್ರ ಇಳಿಸಿ. ಬಸ್ಸಾರು ಮಾಡಿದ ದಿನ ಸೊಪ್ಪು ಕಾಳಿನ ಪಲ್ಯವನ್ನು ಮೊದಲು ಬಡಿಸಿಕೊಂಡು ಮುದ್ದೆಯನ್ನು ಆಮೇಲೆ ಇಟ್ಟುಕೊಂಡರೆ ಅರ್ಧದಲ್ಲೇ ಹೊಟ್ಟೆ ತುಂಬುತ್ತದೆ. ಕಾಫಿ ನಾಡಿನವರು ನೀವು, ಕಾಫಿ ಬಿಡಿ ಎನ್ನುವಷ್ಟು ಧೈರ್ಯ ನನಗಿಲ್ಲ. ಆದರೆ ಐದು ಲೋಟಕ್ಕೆ ಎರಡೆರಡು ಚಮಚ ಎಂದರೆ ದಿನಕ್ಕೆ 50 ಗ್ರಾಂ ಸಕ್ಕರೆ, 200 ಕ್ಯಾಲೊರಿ. ಕತ್ತರಿ ಹಾಕಲು ಅದಕ್ಕಿಂತ ಸುಲಭದ ಜಾಗ ಬೇರೆ ಸಿಗದು.

ಇನ್ನೊಂದು ಮಾತು. ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ನಮ್ಮ ಮನೆ ನೆಂಟರ ಛತ್ರವಾಗುತ್ತದೆ. ಮೊದಲ ವರ್ಷ ಒಂಬತ್ತು ದಿನ ನಡಿಗೆಯಿಲ್ಲ, ದಿನವೂ ಹೋಳಿಗೆ, ಕಜ್ಜಾಯ. 1.8 ಕೆ.ಜಿ. ಏರಿತು. ಹತ್ತನೆಯ ದಿನ ಉಪವಾಸ ಮಾಡಿ ತೀರಿಸುವ ಯೋಚನೆ ಬಂದರೂ ಮಾಡದೆ, ಎಂದಿನಂತೆ ಒಂದು ಮುದ್ದೆ ಉಂಡು ಅರ್ಧ ಗಂಟೆ ನಡೆದೆ. ಎರಡು ವಾರದಲ್ಲಿ ಅದು ಇಳಿಯಿತು. ನಿಮ್ಮ ಗೃಹಪ್ರವೇಶದ ಊಟದಿಂದ ಹಾನಿಯಾಗಲಿಲ್ಲ ಮೇಡಂ, ಮರುದಿನ ಕೈಬಿಟ್ಟದ್ದರಿಂದ ಆಯಿತು.

ತೂಕಡಿಕೆ ತಜ್ಞ

ಇಷ್ಟೆಲ್ಲ ಲೆಕ್ಕ ಯಾಕೆ? ನನ್ನ ಸ್ನೇಹಿತರೊಬ್ಬರು ಎರಡು ತಿಂಗಳು ಪುಡಿ ಕುಡಿದು 14 ಕೆ.ಜಿ. ಇಳಿಸಿದರು. ನಿಧಾನವಾಗಿ ಹೋದರೆ ಉತ್ಸಾಹ ಉಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಬಿಳಿ ಏಪ್ರನ್

ಆಹಾರ ತಜ್ಞೆಯಾಗಿ ಕೆಲಸ ಮಾಡುವವಳಾಗಿ ಎರಡು ಮಾತು ಸೇರಿಸುತ್ತೇನೆ. ಮೇಲಿನವರ ಸ್ನೇಹಿತರು ಇಂದು ಎಷ್ಟು ತೂಗುತ್ತಾರೆ ಎಂಬುದನ್ನೂ ಅವರು ಬರೆದಿದ್ದರೆ ಚೆನ್ನಾಗಿತ್ತು. ತೀರಾ ಕಡಿಮೆ ಉಂಡು ವೇಗವಾಗಿ ಇಳಿಸಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆಯೂ ಹೆಚ್ಚುತ್ತದೆ. ಅಂಥ ಪಥ್ಯ ಕೆಲವರಿಗೆ ಬೇಕಾಗುವುದುಂಟು, ಆದರೆ ಅದು ವೈದ್ಯರ ನಿಗಾದಲ್ಲಿ ನಡೆಯಬೇಕು.

ಮೇಡಂ, ನಿಮ್ಮಂತೆಯೇ ಸಕ್ಕರೆಯ ಹೊಸ್ತಿಲಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಜೀವನಶೈಲಿ ಬದಲಿಸುವ ಗುಂಪಿಗೆ ಅಲ್ಲಿ ಕೊಟ್ಟ ಗುರಿ ತೂಕದ ಶೇ. 7ರಷ್ಟು ಇಳಿಕೆ ಮತ್ತು ವಾರಕ್ಕೆ 150 ನಿಮಿಷ ವ್ಯಾಯಾಮ, ಅಷ್ಟೇ. ಆ ಗುಂಪಿನಲ್ಲಿ ಮಧುಮೇಹಕ್ಕೆ ತಿರುಗುವ ಪ್ರಮಾಣ ಶೇ. 58ರಷ್ಟು ತಗ್ಗಿತು. ನಿಮ್ಮ 86ರಲ್ಲಿ ಶೇ. 7 ಎಂದರೆ ಆರು ಕೆ.ಜಿ. ನಮ್ಮ ದೇಶದಲ್ಲೇ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೂ ಸ್ವಾರಸ್ಯದ್ದು: ನಡಿಗೆ, ಊಟ ಸರಿಪಡಿಸಿಕೊಂಡವರ ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ ಮಧುಮೇಹದ ಅಪಾಯ ಶೇ. 28ರಷ್ಟು ಕಡಿಮೆಯಾಗಿತ್ತು. ಮುಳ್ಳು ಅಲ್ಲಾಡದ ವಾರದಲ್ಲಿ ಇದನ್ನು ನೆನಪಿಸಿಕೊಳ್ಳಿ.

ವಾರಕ್ಕೊಮ್ಮೆ ಮಾತ್ರ, ಒಂದೇ ದಿನ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಗಿಕೊಳ್ಳಿ. ಉಪ್ಪಿನಕಾಯಿ, ಹಪ್ಪಳ ಹೆಚ್ಚಾದ ಮರುದಿನವೂ ಮುಟ್ಟಿನ ಹಿಂದಿನ ದಿನಗಳಲ್ಲೂ ನೀರು ನಿಂತು ಮುಳ್ಳು ಮೇಲೇರುತ್ತದೆ. ತಿಂಗಳಿಗೊಮ್ಮೆ ಟೇಪಿನಿಂದ ಸೊಂಟದ ಸುತ್ತಳತೆಯನ್ನೂ ಬರೆದಿಡಿ. ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ. ದಾಟದಿರುವುದು ಒಳ್ಳೆಯದು. ತೂಕ ನಿಂತಿರುವಾಗಲೂ ಸೊಂಟ ಇಳಿಯುವುದುಂಟು.

ಇಂಬಳ ಕಚ್ಚಿದವನು, ಮೂಡಿಗೆರೆ ಕಡೆ

ಎಲ್ಲರೂ ಊಟದ ವಿಷಯ ಹೇಳಿದಿರಿ, ಮಳೆಯ ವಿಷಯ ಯಾರೂ ಎತ್ತಲಿಲ್ಲ. ಅಕ್ಕಾ, ಮಲೆನಾಡಿನಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಮಳೆಯೆಂದು ಗೊತ್ತಿದ್ದೂ ಬೇಸಿಗೆಗೆ ಮಾತ್ರ ಒಪ್ಪುವ ಯೋಜನೆ ಹಾಕಿದ್ದೇ ಎಡವಟ್ಟು. ನಾನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಫಿ ಒಣಗಿಸುವ ಕಣದತ್ತ ಹೋಗುವುದೇ ಇಲ್ಲ. ಮನೆಯ ಉದ್ದನೆಯ ಜಗಲಿಯಲ್ಲಿ ಊಟವಾದ ಮೇಲೆ ಹತ್ತು ನಿಮಿಷದಂತೆ ದಿನಕ್ಕೆ ಮೂರು ಸಲ ನಡೆಯುತ್ತೇನೆ. ಅರ್ಧ ಗಂಟೆ ಒಟ್ಟಿಗೇ ಆಗಬೇಕೆಂದಿಲ್ಲ. ನಿಮ್ಮ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಉದ್ದನೆಯ ಗೋದಾಮು ಇರಲೇಬೇಕಲ್ಲ. ಅಷ್ಟು ದೊಡ್ಡ ಸೂರು ನಮ್ಮಂಥವರಿಗೆ ಎಲ್ಲಿ ಸಿಗಬೇಕು?

ಮಲ್ಲಿಗೆ ಬೇಲಿ, ಚಿಕ್ಕಮಗಳೂರು

ಎಲ್ಲರಿಗೂ ಧನ್ಯವಾದ. ಗೋದಾಮು ಇದೆ, ಅದು ನನಗೆ ಹೊಳೆದಿರಲಿಲ್ಲ. ಮೂಟೆಗಳ ಸಾಲಿನ ನಡುವೆ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಿ ಬರಲು ಎರಡು ನಿಮಿಷ ಹಿಡಿಯುತ್ತದೆ. ಊಟದ ನಂತರ ಐದು ಸುತ್ತು ಹಾಕುತ್ತಿದ್ದೇನೆ. ಮೊದಲ ದಿನ ಹಮಾಲರು ‘ಮೇಡಂ, ಏನಾದರೂ ಕಳೆದುಹೋಯಿತೇ’ ಎಂದು ಹುಡುಕಲು ಹೊರಟಿದ್ದರು, ಈಗ ಅವರಿಗೂ ರೂಢಿಯಾಗಿದೆ.

20 ಅನ್ನು ಹೊಡೆದುಹಾಕಿ 6 ಎಂದು ಬರೆದುಕೊಂಡಿದ್ದೇನೆ, ಅದೂ ಸಂಕ್ರಾಂತಿಯವರೆಗೆ. ಕಾಫಿ ಮೂರು ಲೋಟಕ್ಕೆ ಬಂದಿದೆ. ಸಕ್ಕರೆ ಒಂದು ಚಮಚ, ಅದಕ್ಕಿಂತ ಕೆಳಗೆ ಸದ್ಯ ನನ್ನಿಂದಾಗದು. ಕಳೆದ ಭಾನುವಾರ 86.2, ಈ ಭಾನುವಾರ 85.7. ಕ್ಯಾಲೆಂಡರ್‌ನಲ್ಲಿ ಬರೆದಿಟ್ಟಿದ್ದೇನೆ, ಮನೆಯವರಿಗೆ ಇನ್ನೂ ಹೇಳಿಲ್ಲ.