ಹಳೇ ಔಟ್‌ಬೋರ್ಡ್ ಎಂಜಿನ್: ಚೋಕ್ ಎಳೆದರಷ್ಟೇ ಓಡುತ್ತೆ, ರೇಸ್ ಕೊಟ್ಟರೆ ಬಂದ್ ಬೀಳುತ್ತೆ

ಪ್ರಶ್ನೆ

ಎರಡು ಸಿಲಿಂಡರ್, ಎರಡು ಕಾರ್ಬ್ಯುರೇಟರ್ ಇರುವ, ದೋಣಿಯ ಹಿಂದೆ ಹಾಕುವ 40 ಎಚ್‌ಪಿ ಟೂ ಸ್ಟ್ರೋಕ್ ಎಂಜಿನ್. ನಾಲ್ಕು ವರ್ಷ ಓಡದೆ ನಿಂತಿತ್ತು. ಟ್ಯಾಂಕ್ ತೊಳೆದು ಹೊಸ ಪೆಟ್ರೋಲ್, 50:1 ಆಯಿಲ್ ಹಾಕಿದ್ದೇನೆ. ಕಾರ್ಬ್ಯುರೇಟರ್‌ಗಳ ಬೌಲ್ (ಪೆಟ್ರೋಲ್ ನಿಲ್ಲುವ ಬಟ್ಟಲು) ಬಿಚ್ಚಿ, ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು) ತೆಗೆದು ಕ್ಲೀನರ್ ಸ್ಪ್ರೇ ಹೊಡೆದು ಮತ್ತೆ ಕೂರಿಸಿದೆ. ಚೋಕ್ ಅರ್ಧ ಎಳೆದಿಟ್ಟರೆ ಸ್ಲೋದಲ್ಲಿ ಓಡುತ್ತೆ, ಬಿಟ್ಟರೆ ಆಫ್. ಗೇರಿಗೆ ಹಾಕಿ ರೇಸ್ ಕೊಟ್ಟ ಕೂಡಲೇ ಕಾರ್ಬ್ಯುರೇಟರ್ ಬಾಯಲ್ಲಿ ಸೀನಿದ ಹಾಗೆ ‘ಪುಸ್’ ಅಂದು ಬಂದ್ ಬೀಳುತ್ತೆ. ಸ್ಲೋ ಸ್ಕ್ರೂ (ಸ್ಲೋ ಓಟದ ಮಿಶ್ರಣ ಹೊಂದಿಸುವ ತಿರುಪು) ಮೂರು ಸುತ್ತು ತೆಗೆದರೂ ಹೆಚ್ಚು ವ್ಯತ್ಯಾಸ ಇಲ್ಲ. ಮೇಲಿನ ಪ್ಲಗ್ ಕಪ್ಪಗೆ ಒದ್ದೆ, ಕೆಳಗಿನದು ಬಿಳಿಚಿಕೊಂಡು ಒಣಗಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ 1

ಸೀನುವುದು ಪೆಟ್ರೋಲ್ ಸಾಲದ್ದರ ಗುರುತು. ಚೋಕ್ ಎಳೆದರೆ ಸರಿಹೋಗುವುದೂ ಅದನ್ನೇ ಹೇಳುತ್ತೆ. ನಿಮ್ಮ ಪ್ಲಗ್ ನೋಡಿದರೆ ಕೆಳಗಿನ ಸಿಲಿಂಡರ್ ಹಸಿದಿದೆ, ಮೇಲಿನದು ಚೋಕ್‌ನಿಂದ ಅತಿಯಾಗಿ ಕುಡಿಯುತ್ತಿದೆ. ಹೀಗೇ ಓಡಿಸಬೇಡಿ. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದೇ ಪೆಟ್ರೋಲ್ ಜೊತೆ. ಪೆಟ್ರೋಲ್ ಕಡಿಮೆ ಆದರೆ ಪಿಸ್ಟನ್‌ಗೆ ಆಯಿಲ್ಲೂ ಕಡಿಮೆ, ಶಾಖವೂ ಜಾಸ್ತಿ. ಸೀಜ್ ಆಗುವುದು, ಅಂದರೆ ಪಿಸ್ಟನ್ ಕಚ್ಚಿಕೊಳ್ಳುವುದು ಹೀಗೆಯೇ. ಭದ್ರತೆಗೆ ಅಂತ ಆಯಿಲ್ ಹೆಚ್ಚು ಸುರಿಯುವುದೂ ತಪ್ಪು. ಅದೇ ಜೆಟ್‌ನಲ್ಲಿ ಆಯಿಲ್ ಜಾಗ ತಗೊಂಡಷ್ಟು ಪೆಟ್ರೋಲ್ ಇನ್ನೂ ಕಡಿಮೆಯಾಗುತ್ತೆ. 50:1 ಅಂದರೆ ಲೀಟರಿಗೆ 20 ಮಿಲಿ, ಅಷ್ಟೇ ಇರಲಿ.

ಮತ್ತೆ ಬಿಚ್ಚುವ ಮೊದಲು ಮೂರು ವಿಷಯ ನೋಡಿ. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ): ಎರಡೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಅಳೆಯಿರಿ. ಎರಡು ಸಿಲಿಂಡರ್‌ಗಳ ನಡುವೆ ಶೇ. 10ಕ್ಕಿಂತ ಹೆಚ್ಚು ಅಂತರ ಇದ್ದರೆ ತಪ್ಪು ಕಾರ್ಬ್ಯುರೇಟರ್‌ದಲ್ಲ. ಸ್ಪಾರ್ಕ್: ಟೆಸ್ಟರ್‌ನಲ್ಲಿ ಸುಮಾರು 11 ಮಿ.ಮೀ. ಅಂತರವನ್ನು ನೀಲಿ ಕಿಡಿ ದಾಟಬೇಕು. ಮೂರನೆಯದು, ಎಂಜಿನ್ ಸಾಯುತ್ತಿರುವಾಗ ಪ್ರೈಮರ್ ಬಲ್ಬ್ (ಪೆಟ್ರೋಲ್ ಹೋಸ್‌ನಲ್ಲಿರುವ ಕೈಯಿಂದ ಒತ್ತುವ ರಬ್ಬರ್ ಉಂಡೆ) ಹಿಸುಕಿ ನೋಡಿ. ಚೇತರಿಸಿಕೊಂಡರೆ ಫ್ಯುಯೆಲ್ ಪಂಪಿನ ಡಯಾಫ್ರಮ್ (ಪೆಟ್ರೋಲ್ ತಳ್ಳುವ ತೆಳು ಪೊರೆ), ಹೋಸ್ ಅಥವಾ ಟ್ಯಾಂಕಿನ ಗಾಳಿ ತೂತನ್ನು ಅನುಮಾನಿಸಿ. ಏನೂ ಬದಲಾಗದಿದ್ದರೆ ಅಡಚಣೆ ಕಾರ್ಬ್ಯುರೇಟರ್ ಒಳಗೇ ಇದೆ.

ಉತ್ತರ 2

ಸಣ್ಣ ಸ್ಟೀಲ್ ತಂತಿ ಜೆಟ್‌ಗೆ ಹಾಕಿ ನಾಲ್ಕು ಸಲ ಎಳೆಯಿರಿ, ಸರಿಹೋಗುತ್ತೆ. ಪೂರ್ತಿ ಬಿಚ್ಚುವ ಅಗತ್ಯ ಬರಲ್ಲ.

ಉತ್ತರ 3

ದಯವಿಟ್ಟು ಸ್ಟೀಲ್ ತಂತಿ ಬೇಡ. ಜೆಟ್ ಹಿತ್ತಾಳೆಯದು. ತೂತಿನ ವ್ಯಾಸ ಶೇ. 10 ಹಿಗ್ಗಿದರೆ ವಿಸ್ತೀರ್ಣ ಶೇ. 21 ಹಿಗ್ಗುತ್ತೆ, ಆಮೇಲೆ ಯಾವ ಸ್ಕ್ರೂ ತಿರುಗಿಸಿದರೂ ಲೆಕ್ಕ ಕೂಡಲ್ಲ. ಚುಚ್ಚಲೇಬೇಕೆಂದರೆ ಕರೆಂಟ್ ವೈರಿನೊಳಗಿನ ಒಂದೇ ಒಂದು ತಾಮ್ರದ ಎಳೆ ಅಥವಾ ನೈಲಾನ್ ಗಾಳದ ದಾರ ಸಾಕು. ಅದಕ್ಕೂ ಮೊದಲು ಜೆಟ್‌ನ್ನು ಒಂದು ರಾತ್ರಿ ಕ್ಲೀನರ್‌ನಲ್ಲಿ ನೆನೆಸಿ.

ಪ್ರಶ್ನೆ ಕೇಳಿದವರಿಗೆ: ನೀವು ಮುಟ್ಟದ ಜಾಗವೊಂದಿದೆ. ಥ್ರಾಟಲ್ ತಟ್ಟೆಯ (ರೇಸ್ ಕೊಟ್ಟಾಗ ತೆರೆದುಕೊಳ್ಳುವ ತಟ್ಟೆ) ಅಂಚು ಕಾರ್ಬ್ಯುರೇಟರ್ ಗೋಡೆಗೆ ತಾಗುವಲ್ಲಿ ಕೂದಲೆಳೆಯಷ್ಟು ಸಣ್ಣ ಎರಡು-ಮೂರು ತೂತು ಸಾಲಾಗಿರುತ್ತವೆ. ತಟ್ಟೆ ಮುಚ್ಚಿದ್ದಾಗ ಒಂದು ತೂತು ಸ್ಲೋಗೆ ಪೆಟ್ರೋಲ್ ಕೊಡುತ್ತೆ. ತಟ್ಟೆ ಸ್ವಲ್ಪ ತೆರೆದ ಹಾಗೆ ಉಳಿದವು ಒಂದೊಂದಾಗಿ ಸೇರಿಕೊಳ್ಳುತ್ತವೆ, ಮೇನ್ ಜೆಟ್ ಕೆಲಸ ಶುರು ಮಾಡುವವರೆಗೆ ಎಂಜಿನ್‌ನ್ನು ದಾಟಿಸುತ್ತವೆ. ಅವು ಕಟ್ಟಿದರೆ ನೀವು ಬರೆದ ಲಕ್ಷಣವೇ ಬರುತ್ತೆ. ಸ್ಕ್ರೂ ಎಷ್ಟು ತೆಗೆದರೂ ಮುಂದಿನ ದಾರಿ ಮುಚ್ಚಿರುವಾಗ ಪರಿಣಾಮ ಕಾಣಲ್ಲ. ಆ ತೂತುಗಳ ಹಿಂದಿನ ಚಿಕ್ಕ ಕೋಣೆಯನ್ನು ನಾಣ್ಯದಂಥ ಅಲ್ಯುಮಿನಿಯಂ ಬಿಲ್ಲೆ ಬಡಿದು ಮುಚ್ಚಿರುತ್ತಾರೆ. ಬೌಲ್ ಬಿಚ್ಚಿ ಸ್ಪ್ರೇ ಹೊಡೆದರೆ ಅಲ್ಲಿಗೆ ತಲುಪುವ ಖಾತ್ರಿ ಇಲ್ಲ.

ಬಿಲ್ಲೆ ಹೊಸದು ಕೈಯಲ್ಲಿದ್ದರೆ ಮಾತ್ರ ಹಳೆಯದನ್ನು ತೆಗೆಯಿರಿ. ಚೂಪು ಪಂಚ್ ಓರೆಯಾಗಿ ಹಿಡಿದು ಬಿಲ್ಲೆಯಷ್ಟೇ ತೂತಾಗುವಂತೆ ಒಂದು ಏಟು ಕೊಟ್ಟು ಮೀಟಿ. ಪಂಚ್ ಆಳಕ್ಕೆ ಹೋದರೆ ಕೆಳಗಿನ ತೂತುಗಳಿಗೇ ಗಾಯ. ಹೊಸ ಬಿಲ್ಲೆಯನ್ನು ಉಬ್ಬು ಹೊರಕ್ಕೆ ಮಾಡಿ ಕೂರಿಸಿ, ಅಗಲ ಬಾಯಿಯ ಪಂಚ್‌ನಿಂದ ಉಬ್ಬು ಚಪ್ಪಟೆಯಾಗುವಷ್ಟೇ ತಟ್ಟಿ, ಅಂಚಿಗೆ ಪೆಟ್ರೋಲ್‌ಗೆ ಕರಗದ ಸೀಲರ್ ತೆಳುವಾಗಿ ಹಚ್ಚಿ. ತಗ್ಗಾಗುವಷ್ಟು ಹೊಡೆದರೆ ಅಂಚು ಸಡಿಲವಾಗಿ ಗಾಳಿ ಎಳೆಯುತ್ತೆ.

ಉಳಿದದ್ದು ಕ್ರಮವಾಗಿ ಹೀಗೆ:

ಎರಡೂ ಕಾರ್ಬ್ಯುರೇಟರ್‌ಗಳ ಭಾಗ ಬೇರೆಬೇರೆ ತಟ್ಟೆಯಲ್ಲಿಡಿ. ಕೆಲವು ಎಂಜಿನ್‌ಗಳಲ್ಲಿ ಮೇಲಿನದಕ್ಕೂ ಕೆಳಗಿನದಕ್ಕೂ ಜೆಟ್ ನಂಬರ್ ಬೇರೆ. ಸ್ಲೋ ಸ್ಕ್ರೂ ತೆಗೆಯುವ ಮುನ್ನ ಒಳಕ್ಕೆ ಹಗುರವಾಗಿ ಕೂರಿಸಿ ಎಷ್ಟು ಸುತ್ತು ಆಯ್ತೆಂದು ಬರೆದಿಟ್ಟುಕೊಳ್ಳಿ. ಬಿಗಿದರೆ ಸ್ಕ್ರೂ ಮೂತಿಗೆ ಉಂಗುರದಂಥ ಗೀರು ಬೀಳುತ್ತೆ; ಉಗುರು ಎಳೆದರೆ ಸಿಕ್ಕುತ್ತೆ. ಅಂಥದ್ದನ್ನು ಎಸೆಯಿರಿ.

ರಬ್ಬರ್, ಪ್ಲಾಸ್ಟಿಕ್, ಫ್ಲೋಟ್ (ಬೌಲ್‌ನಲ್ಲಿ ಪೆಟ್ರೋಲ್ ಮಟ್ಟ ಕಾಯುವ ತೇಲುವ ತುಂಡು) ಎಲ್ಲ ತೆಗೆದ ಮೇಲೆಯೇ ಬಾಡಿಯನ್ನು ನೆನೆಸಿ. ಕನ್ನಡಕ ಹಾಕಿಕೊಂಡು ಸ್ಲೋ ಸ್ಕ್ರೂ ತೂತಿನಿಂದ ಸ್ಪ್ರೇ ಹೊಡೆದರೆ ಥ್ರಾಟಲ್ ಅಂಚಿನ ಪ್ರತಿ ತೂತಿನಿಂದಲೂ ಸೂಜಿಯಂಥ ಧಾರೆ ಬರಬೇಕು. ಎಣಿಸಿ ನೋಡಿ. ಆಮೇಲೆ ಗಾಳಿ ಹೊಡೆಯಿರಿ.

ರಿಪೇರಿ ಕಿಟ್‌ನ ಹೊಸ ನೀಡಲ್ (ಬೌಲ್‌ಗೆ ಬರುವ ಪೆಟ್ರೋಲ್ ತಡೆಯುವ ಸೂಜಿ), ಅದು ಕೂರುವ ಸೀಟ್, ಗ್ಯಾಸ್ಕೆಟ್ ಹಾಕಿ. ಫ್ಲೋಟ್ ಕಾರ್ಕಿನದಾಗಿದ್ದರೆ ಕೈಯಲ್ಲಿ ತೂಗಿ ನೋಡಿ. ವಾರ್ನಿಷ್ ಹೋದದ್ದು ಪೆಟ್ರೋಲ್ ಕುಡಿದು ಭಾರವಾಗಿ ಬೌಲ್ ಉಕ್ಕಿಸುತ್ತೆ. ಮಟ್ಟ ನೋಡಲು ಬಾಡಿಯನ್ನು ತಲೆಕೆಳಗೆ ಮಾಡಿ: ಫ್ಲೋಟ್ ತನ್ನ ಭಾರಕ್ಕೆ ನೀಡಲ್ ಮೇಲೆ ಕೂತಾಗ ಬೌಲ್ ಕೂರುವ ಅಂಚಿಗೆ ಸಮಾನಾಂತರವಾಗಿರಬೇಕು. ಬಹುತೇಕ ಹಳೇ ಎಂಜಿನ್‌ಗಳಿಗೆ ಇದೇ ಅಳತೆ, ನಿಮ್ಮ ಮ್ಯಾನುಯಲ್ ಬೇರೆ ಹೇಳಿದರೆ ಅದೇ ಕೊನೆಯ ಮಾತು. ಬಗ್ಗಿಸುವಾಗ ಫ್ಲೋಟ್ ಒತ್ತಬೇಡಿ, ನೀಡಲ್‌ಗೆ ತಾಗುವ ಅದರ ಚಿಕ್ಕ ನಾಲಿಗೆಯನ್ನು ಎತ್ತಿ ಹಿಡಿದು ಬಗ್ಗಿಸಿ. ಕೊನೆಗೆ ಪೆಟ್ರೋಲ್ ಪೈಪಿನಲ್ಲಿ ಬಾಯಿಂದ ಊದಿ: ತಲೆಕೆಳಗಿದ್ದಾಗ ಗಾಳಿ ಹೋಗಬಾರದು, ನೆಟ್ಟಗಿದ್ದಾಗ ಸಲೀಸಾಗಿ ಹೋಗಬೇಕು. ಗ್ಯಾಸ್ಕೆಟ್‌ಗೆ ಸಿಲಿಕೋನ್ ಹಚ್ಚಬೇಡಿ, ಪೆಟ್ರೋಲ್‌ಗೆ ಉಬ್ಬಿ ತುಂಡಾಗಿ ಜೆಟ್ ಸೇರುತ್ತೆ.

ಪ್ರಶ್ನೆ ಕೇಳಿದವರು

ಕಂಪ್ರೆಷನ್ ಎರಡರಲ್ಲೂ ಸಮ, ಬಲ್ಬ್ ಹಿಸುಕಿದರೆ ಬದಲಾವಣೆ ಇಲ್ಲ. ಕೆಳಗಿನದರ ಬಿಲ್ಲೆ ತೆಗೆದಾಗ ಮೂರರಲ್ಲಿ ಎರಡು ತೂತು ಕಂದು ಅಂಟಿನಿಂದ ಮುಚ್ಚಿದ್ದವು. ಎಲ್ಲ ಹೇಳಿದಂತೆ ಮಾಡಿದೆ, ಈಗ ಚೋಕ್ ಇಲ್ಲದೆಯೇ ಓಡುತ್ತೆ. ಆದರೆ ಥ್ರಾಟಲ್ ಎಳೆದಾಗ ಮೇಲಿನ ತಟ್ಟೆ ಮೊದಲು ತೆರೆಯುತ್ತೆ. ಡ್ರಮ್‌ನಲ್ಲಿ ನೀರು ತುಂಬಿಸಿ ಟ್ಯೂನ್ ಮಾಡಬಹುದಾ?

ಉತ್ತರ 1

ಡ್ರಮ್ ಬೇಡ. ಹೊಗೆ ಅಲ್ಲೇ ಸುತ್ತಿ ಎಂಜಿನ್ ಅದನ್ನೇ ಮತ್ತೆ ಎಳೆಯುತ್ತೆ, ಲೋಡೂ ಇರಲ್ಲ. ಹೋಸ್ ಹಾಕಿ ನೆಲದ ಮೇಲೆ ಟ್ಯೂನ್ ಮಾಡಿದ್ದೂ ನೀರಿಗಿಳಿದಾಗ ಉಳಿಯಲ್ಲ, ಯಾಕೆಂದರೆ ಎಕ್ಸಾಸ್ಟ್ ಎದುರಿಸುವ ಒತ್ತಡ ಬೇರೆ. ದೋಣಿಯನ್ನು ಹಿಂದೆ ಮುಂದೆ ಬಿಗಿಯಾಗಿ ಕಟ್ಟಿ, ನೀರಿನಲ್ಲೇ, ಫಾರ್ವರ್ಡ್ ಗೇರಿನಲ್ಲೇ ಮಾಡಿ. ಕಿಲ್ ಸ್ವಿಚ್ ಹಗ್ಗ (ಎಳೆದರೆ ಎಂಜಿನ್ ಆಫ್ ಆಗುವ ಹಗ್ಗ) ಕೈಗೆ ಸಿಕ್ಕಿಸಿಕೊಳ್ಳಿ, ಪ್ರೊಪೆಲರ್ ಹತ್ತಿರ ಯಾರೂ ಇರಬಾರದು.

ಮೊದಲು ಎಂಜಿನ್ ಆಫ್ ಇದ್ದಾಗಲೇ ಸಿಂಕ್, ಅಂದರೆ ಎರಡೂ ತಟ್ಟೆ ಒಟ್ಟಿಗೆ ತೆರೆಯುವಂತೆ ಹೊಂದಿಸುವುದು. ಎರಡನ್ನೂ ಜೋಡಿಸುವ ಲಿಂಕ್‌ನ ಸ್ಕ್ರೂ ಸಡಿಲಿಸಿ, ರೋಲರ್ (ತಟ್ಟೆ ತೆರೆಸುವ ಸಣ್ಣ ಗಾಲಿ) ಕ್ಯಾಮ್‌ಗೆ (ಅದನ್ನು ತಳ್ಳುವ ಬಾಗಿದ ತುಂಡಿಗೆ) ತಾಗದಂತೆ ಬಿಡಿ. ಎರಡೂ ತಟ್ಟೆ ಸ್ಪ್ರಿಂಗ್ ಬಲಕ್ಕೆ ಪೂರ್ತಿ ಮುಚ್ಚಲಿ, ಬೆರಳಲ್ಲಿ ಹಗುರವಾಗಿ ಒತ್ತಿ ಹಿಡಿದು ಸ್ಕ್ರೂ ಬಿಗಿಯಿರಿ. ಒಂದೊಂದು ಶಾಫ್ಟ್ ತುದಿಗೆ ಒಂದೊಂದು ಬೆರಳಿಟ್ಟು ಥ್ರಾಟಲ್ ನಿಧಾನ ಎಳೆದರೆ ಎರಡೂ ಒಂದೇ ಕ್ಷಣ ಅಲುಗಬೇಕು. ಕಣ್ಣಿಗಿಂತ ಬೆರಳು ನಿಖರ. ನಂತರ ತಟ್ಟೆ ಅಲುಗಲು ಶುರುವಾಗುವ ಹೊತ್ತಿಗೆ ರೋಲರ್ ಕ್ಯಾಮ್ ಮೇಲಿನ ಗುರುತಿಗೆ ಬಂದಿದೆಯೇ ನೋಡಿ.

ಸ್ಲೋ ಸ್ಕ್ರೂ ಎರಡನ್ನೂ ಒಂದೂವರೆ ಸುತ್ತು ತೆಗೆದು ಶುರು ಮಾಡಿ. ಹತ್ತು ನಿಮಿಷ ಬಿಸಿಯಾದ ಮೇಲೆ ಒಂದನ್ನು ಅರೆಕಾಲು ಸುತ್ತು ಒಳಕ್ಕೆ ತಿರುಗಿಸಿ 20 ಸೆಕೆಂಡ್ ಕಾಯಿರಿ. ಕಾಯದೆ ತಿರುಗಿಸಿದರೆ ಹಿಂದಿನ ತಿರುವಿನ ಫಲವನ್ನು ಈಗಿನದೆಂದು ತಿಳಿಯುತ್ತೀರಿ. ಸೀನಿದರೆ ಅಥವಾ ಸ್ಪೀಡ್ ಬಿದ್ದರೆ ಅಲ್ಲಿಂದ ಕಾಲು ಸುತ್ತು ಹೊರಕ್ಕೆ. ಇನ್ನೊಂದಕ್ಕೂ ಹಾಗೆಯೇ. ಕೆಲವು ಮಾದರಿಗಳಲ್ಲಿ ಈ ಸ್ಕ್ರೂ ಗಾಳಿಯನ್ನು ಅಳೆಯುತ್ತೆ, ಆಗ ದಿಕ್ಕು ಉಲ್ಟಾ; ಮ್ಯಾನುಯಲ್ ನೋಡಿಕೊಳ್ಳಿ. ಗೇರಿನಲ್ಲಿ ಫಕ್ಕನೆ ರೇಸ್ ಕೊಟ್ಟಾಗ ಸೀನಿದರೆ ಎರಡನ್ನೂ ಇನ್ನೊಂದು ಅರೆಕಾಲು ತೆರೆಯಿರಿ. ಸ್ವಲ್ಪ ಹೆಚ್ಚು ಪೆಟ್ರೋಲ್ ಕುಡಿದರೆ ಪ್ಲಗ್ ಕಪ್ಪಾಗಬಹುದು, ಕಡಿಮೆ ಕುಡಿದರೆ ಪಿಸ್ಟನ್ ಹೋಗುತ್ತೆ.

ಆಮೇಲೆ ಕಟ್ಟು ಬಿಚ್ಚಿ, ಪೂರ್ತಿ ಥ್ರಾಟಲ್‌ನಲ್ಲಿ ಒಂದೆರಡು ನಿಮಿಷ ಓಡಿಸಿ, ಸ್ಲೋಗೆ ತರದೆ ಅಲ್ಲೇ ಆಫ್ ಮಾಡಿ ಪ್ಲಗ್ ತೆಗೆಯಿರಿ. ಎರಡೂ ತಿಳಿ ಕಂದು ಇರಬೇಕು. ಕೆಳಗಿನದು ಮತ್ತೆ ಬಿಳಿಯಾಗಿದ್ದರೆ ಆ ಬೌಲ್‌ನ ಮೇನ್ ಜೆಟ್ ತೆಗೆದು ಬೆಳಕಿಗೆ ಹಿಡಿಯಿರಿ; ತೂತು ದುಂಡಗೆ ಕಾಣದೆ ಅಂಚು ಮಸುಕಾಗಿದ್ದರೆ ಒಳಗೆ ಇನ್ನೂ ಅಂಟಿದೆ.