ಸಹಾಯ ಬೇಕು: ಪ್ರೊಬಯಾಟಿಕ್ ತಗೊಂಡ ಮೇಲೆ ಹೊಟ್ಟೆ ಉಬ್ಬರ

ಎಲ್ಲರಿಗೂ ನಮಸ್ಕಾರ. ಔಷಧದ ವಿಷಯ ಗೊತ್ತಿರುವವರು, ಇಲ್ಲವೇ ಸ್ವತಃ ಪ್ರೊಬಯಾಟಿಕ್ (ಕರುಳಿಗೆ ಒಳ್ಳೆಯದೆಂದು ತಗೊಳ್ಳುವ ಜೀವಂತ ಸೂಕ್ಷ್ಮಜೀವಿಗಳು) ತಗೊಂಡವರು ದಯವಿಟ್ಟು ಉತ್ತರಿಸಿ.

ಅಮ್ಮನಿಗೆ ಆಂಟಿಬಯಾಟಿಕ್ ಕೊಡುವಾಗ, ಭೇದಿ ಆಗದಿರಲಿ ಎಂದು ಪ್ರೊಬಯಾಟಿಕ್ ಕ್ಯಾಪ್ಸೂಲ್ ಕೂಡ ಬರೆದಿದ್ದರು. ಆಂಟಿಬಯಾಟಿಕ್ ಮುಗಿಯಿತು. ಜೀರ್ಣಕ್ಕೆ ಒಳ್ಳೆಯದು ಅಂತ ಅಮ್ಮ ಕ್ಯಾಪ್ಸೂಲ್ ಮಾತ್ರ ಮುಂದುವರಿಸಿದ್ದಾರೆ, ಅದೂ ಬೇರೆ ಕಂಪನಿಯದು. ಈಗ ಹೊಟ್ಟೆ ಉಬ್ಬರ, ಗ್ಯಾಸ್ ಜಾಸ್ತಿ. ಜ್ವರ, ವಾಂತಿ, ಮಲದಲ್ಲಿ ರಕ್ತ ಯಾವುದೂ ಇಲ್ಲ.

ಶುರುವಿನಲ್ಲಿ ಗ್ಯಾಸ್ ಸಾಮಾನ್ಯ, ಹೆಚ್ಚಿನವರಿಗೆ ತಾನಾಗಿಯೇ ಕಡಿಮೆಯಾಗುತ್ತದೆ. ಆದರೆ ಹೊಸ ಡಬ್ಬಿಯ ಲೇಬಲ್ ನೋಡಿದರೆ ಲ್ಯಾಕ್ಟೋಬ್ಯಾಸಿಲಸ್, ಬೈಫಿಡೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾಗಳ ಜೊತೆಗೆ ಇನುಲಿನ್ ಕೂಡ ಇದೆ. ಅದು ಒಂದು ಬಗೆಯ ನಾರು; ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸುವಾಗಲೂ ಗ್ಯಾಸ್ ಬರುತ್ತದೆ. ಇನುಲಿನ್ ಇಲ್ಲದ್ದಕ್ಕೆ ಬದಲಾಯಿಸಿ ಯಾರಿಗಾದರೂ ಆರಾಮ ಆಗಿದೆಯಾ? ಅಥವಾ ಸುಮ್ನೆ ನಿಲ್ಲಿಸಿಬಿಡುವುದೇ ಒಳ್ಳೆಯದಾ?

ನಿಜ ಹೇಳಬೇಕೆಂದರೆ ನನಗೆ ಜಾಸ್ತಿ ಚಿಂತೆ ಅಪ್ಪನದು. ಅವರಿಗೆ ಕೀಮೋ ನಡೆಯುತ್ತಿದೆ, ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳದೊಳಗೆ ಇಡುವ ಸಣ್ಣ ನಳಿಕೆ) ಹಾಕಿದ್ದಾರೆ. ಅಮ್ಮ 'ನೀವೂ ಒಂದು ತಗೊಳ್ಳಿ' ಅಂತಿದ್ದಾರೆ. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಅಪರೂಪಕ್ಕೆ ಈ ಜೀವಿಗಳೇ ರಕ್ತಕ್ಕೆ ಸೇರಿ ಸೋಂಕು ತರಬಹುದು. ಸ್ಯಾಕರೋಮೈಸಿಸ್ ಬೌಲಾರ್ಡಿ ಎಂಬ ಯೀಸ್ಟ್ ಇರುವ ಪುಡಿಯನ್ನಂತೂ ಸೆಂಟ್ರಲ್ ಲೈನ್ ಇರುವವರ ಹತ್ತಿರ ಬಿಚ್ಚಲೂಬಾರದು. ಅಪ್ಪನ ಡಾಕ್ಟರನ್ನು ಕೇಳದೆ ಕೊಡುವುದಿಲ್ಲ, ಅದು ಖಂಡಿತ. ಇದನ್ನು ಅಮ್ಮನಿಗೆ ಗಾಬರಿಯಾಗದಂತೆ ಹೇಗೆ ಹೇಳಲಿ?

ಹೊಸ ಮನೆಮದ್ದು ಮಾತ್ರ ಹೇಳಬೇಡಿ. ಅಮ್ಮ ಅದನ್ನೂ ಶುರು ಮಾಡಿಬಿಡುತ್ತಾರೆ!